ಗೋರಂಟಿ ಹಾಕಿದ ಕೈ ಮಾತ್ರೆ ಎಣಿಸಬಾರದೇ?

ಔಷಧ ಕಾರ್ಖಾನೆಯ ನೇಮಕಾತಿ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ತಂಗಿ ಆದಿಲಕ್ಷ್ಮಿಯ ಸಂದರ್ಶನದ ಕಾರ್ಡಿನ ಮೇಲೆ ಸೋಮವಾರ ತಾವು 'ಅನರ್ಹಳು' ಎಂದು ಬರೆದಿರಿ. ಕಾರಣ, ಅವಳ ಕೈಯ ಗೋರಂಟಿ. ಶನಿವಾರ ತಮ್ಮ ಆಯ್ಕೆಪಟ್ಟಿ ಮುಚ್ಚುತ್ತದೆ. ಗುಟ್ಟಾಗಿ ಬೇಡಿಕೊಳ್ಳಲು ಸಮಯವಿಲ್ಲದ್ದರಿಂದ ಈ ಬಹಿರಂಗ ಪತ್ರದಲ್ಲಿ ಊರಿನ ಎದುರೇ ಕೇಳುತ್ತಿದ್ದೇನೆ.

ಬಂಗಾರಪೇಟೆಯಲ್ಲಿ ಕಾರ್ಖಾನೆಯನ್ನು ವಿಸ್ತರಿಸುತ್ತೇವೆ, ಮಾತ್ರೆ ಎಣಿಸಿ ಸೀಸೆಗೆ ತುಂಬಲು ಇನ್ನೂರು ಹೆಂಗಸರು ಬೇಕು, ಗಣಿ ಕುಟುಂಬಗಳಿಗೆ ಮೊದಲ ಆದ್ಯತೆ ಎಂದು ಪ್ರಕಟಿಸಿದವರು ತಾವೇ. ಅದನ್ನು ನಂದಿದುರ್ಗದಲ್ಲಿ ಗಣಿ ಕೂಲಿಗಳ ಸಾಲುಮನೆಗಳಾದ ಲೈನುಗಳಲ್ಲಿ ಮನೆಮನೆಗೆ ಓದಿ ಹೇಳಿದವನು ನಾನು. ನಮ್ಮ ತಂದೆ ದೊಡ್ಡವೆಂಕಟಪ್ಪ ಇಪ್ಪತ್ತಾರು ವರ್ಷ ಚಿನ್ನದ ಗಣಿಯಲ್ಲಿ ಬಂಡೆ ಕೊರೆದು, ಎದೆಗೆ ದೂಳು ತುಂಬಿಕೊಂಡು, ಈಗ ಹೊಸಿಲು ದಾಟಿದರೆ ಏದುತ್ತಾರೆ. ನನಗೆ ಆಂಡರ್ಸನ್‌ಪೇಟೆಯ ಅಚ್ಚುಕೂಟದಲ್ಲಿ ವಾರಕ್ಕೆ ಮೂರೇ ದಿನ ಕೆಲಸ. ಮನೆ ನಡೆಯಬೇಕಾದರೆ ತಂಗಿಗೆ ಈ ಕೆಲಸ ಸಿಗಲೇಬೇಕು.

"ಹೊಸ ಕೆಲ್ಸಕ್ಕೆ ಓಗೋ ಹೆಣ್ಣಿನ ಕೈ ಬೋಳಾಗಿರಬಾರ್ದು ಕಣೇ" ಎಂದು ಅವ್ವ ಸಂದರ್ಶನದ ಹಿಂದಿನ ದಿನ ಗೋರಂಟಿ ಅರೆದು ಹಚ್ಚಿದಳು. ನಾಲ್ಕು ಕರಪತ್ರ ಓದಿ ಸಂಪ್ರದಾಯಗಳ ವಿರುದ್ಧ ಗಂಟೆಗಟ್ಟಲೆ ಮಾತಾಡುವ ನಾನು ತಡೆಯಲಿಲ್ಲ. ಕಾಮಸಮುದ್ರದಿಂದ ಸೊಪ್ಪು ತಂದುಕೊಟ್ಟವನೂ ನಾನೇ.

ಸೋಮವಾರ ತಾವು ತಂಗಿಯ ಅಂಗೈ ತಿರುವಿ, "ಏನಮ್ಮಾ ಇದು, ಚರ್ಮದ ಕಾಯಿಲೆಯೇ?" ಎಂದಿರಿ.

"ಗೋರಂಟಿ ಸ್ವಾಮಿ. ನಮ್ಮವ್ವ ಇಕ್ಕಿದ್ಲು."

"ಮಾತ್ರೆಗೆ ಬಣ್ಣ ಅಂಟುತ್ತದೆ."

"ತೊಳೆದಾಯ್ತಲ್ಲ, ಇನ್ನೆಲ್ಲಿ ಅಂಟ್ತದೆ? ಬೇಕಾದ್ರೆ ಉಜ್ಜಿ ನೋಡಿ ಸ್ವಾಮಿ."

ತಾವು ಉಜ್ಜಿ ನೋಡಲಿಲ್ಲ. ಹೀಗೆಯೇ ಅಂದು ತಂಗಿಯೂ ಸೇರಿ ಹನ್ನೊಂದು ಜನ ಹಿಂದಿರುಗಿದರು. ಲೈನಿಗೆ ಬಂದಾಗ ಪಕ್ಕದ ಮನೆಯ ಮುನಿನಾರಾಯಣಮ್ಮ, "ಏನೇ, ಕಾರ್ಖಾನೆಯೋರು ಹೆಣ್ಣು ನೋಡಾಕೆ ಕರೆದಿದ್ರಾ?" ಎಂದು ಚುಡಾಯಿಸಿದರು. "ಹೆಣ್ಣು ನೋಡೋರಾಗಿದ್ರೆ ಒಪ್ಕೊಂತಿದ್ರು ಕಣತ್ತೆ" ಎಂದು ನಕ್ಕ ತಂಗಿ, ಒಳಗೆ ಬಂದು ಇಟ್ಟಿಗೆಚೂರಿನಿಂದ ಅಂಗೈಯನ್ನು ರಕ್ತ ಬರುವಂತೆ ತಿಕ್ಕಿಕೊಂಡಳು.

ಔಷಧಿಗೆ ಶುಚಿ ಬೇಕು, ಒಪ್ಪುತ್ತೇನೆ. ನಮ್ಮ ತಂದೆಯೂ ಮಾತ್ರೆ ನುಂಗುವವರೇ. ಆದರೆ ಬಣ್ಣ ಬೇರೆ, ಕೊಳೆ ಬೇರೆ ಎಂದು ತಿಳಿಯಲು ಎಷ್ಟು ಪದವಿಗಳು ಬೇಕು? ತಮ್ಮ ಪ್ರಕಟಣೆಯಲ್ಲಿ ವಯಸ್ಸಿತ್ತು, ವಿದ್ಯೆಯಿತ್ತು, ತೂಕವೂ ಇತ್ತು. ಗೋರಂಟಿಯ ಮಾತು ಎಲ್ಲಿತ್ತು? 'ಅನರ್ಹಳು' ಎಂದು ಬರೆದ ತಮ್ಮ ಬೆರಳಿನ ಶಾಯಿಯನ್ನು ಯಾವ ವೈದ್ಯರು ಪರೀಕ್ಷಿಸಿದರು? ನಾಳೆ ಹೊರಗಿನವರನ್ನು ಕರೆತಂದು, ಸ್ಥಳೀಯರು ಸಿಗಲಿಲ್ಲವೆಂದು ವರದಿ ಬರೆಯುವುದು ತಮ್ಮ ಉದ್ದೇಶವೇ?

ಕರುಣೆ ಬೇಡ. ಶನಿವಾರ ಬೆಳಿಗ್ಗೆ ಆ ಹನ್ನೊಂದು ಜನರನ್ನೂ ಗೇಟಿನ ಹತ್ತಿರ ಮತ್ತೆ ಕರೆಯಿರಿ. ಸಾಬೂನು, ನೀರು, ಒಂದು ಬಿಳಿ ಬಟ್ಟೆ ಸಾಕು. ಕೈ ತೊಳೆಸಿ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ತಂಗಿಯನ್ನು ನಾನೇ ಮನೆಗೆ ಕರೆದೊಯ್ಯುತ್ತೇನೆ. ಹತ್ತದಿದ್ದರೆ, ಕಾರ್ಡಿನ ಮೇಲಿನ ಆ ಪದವನ್ನು ತಾವೇ ಎಲ್ಲರ ಎದುರು ಹೊಡೆದುಹಾಕಿ, ಅವಳನ್ನು ಒಳಗೆ ಬಿಡಬೇಕು.

ಇಂತಿ,
ತಮ್ಮ ಕಚೇರಿಯ ಬೆಂಚಿನ ಮೇಲೆ ಮೂರು ದಿನ ಕೂತರೂ ಕಣ್ಣಿಗೆ ಬೀಳದ
ಆಂಜಿನಪ್ಪ
ನಂದಿದುರ್ಗ ಲೈನು, ೧೯೬೩