ತಲೆಗುಡುಗು

ಜನವರಿ 8
ಇಂದೂ ಹನ್ನೆರಡು ಚೀಟಿ. ರಟ್ಟಿನ ಮೇಲೆ ಪದ ಬರೆದು, ಎರಡು ಪದ ಕೂಡುವ ಕೀಲಿನಲ್ಲಿ ಕತ್ತರಿ ಹಾಕಿ, ನನ್ನ ಹೆಂಡತಿ ಗುನ್‌ವೋರ್ ಮುಂದೆ ಹರಡಿದೆ. ‘ಸ್ಯೂಕೆ’, ‘ಹೂಸ್’ — ಕಾಯಿಲೆ, ಮನೆ. ಜೋಡಿಸಿದಳು. ಆಸ್ಪತ್ರೆ. ಸ್ಯೂ-ಕೆ-ಹೂಸ್ ಎಂದು ತುಂಡಿಗೊಂದರಂತೆ ಮೇಜಿಗೆ ಮೂರು ಪೆಟ್ಟು, ಎಡಗೈಯಲ್ಲಿ. ಅಕ್ಟೋಬರಿನ ಲಕ್ವ ಬಲಗೈಯನ್ನೂ ಮಾತನ್ನೂ ಒಟ್ಟಿಗೇ ಕೊಂಡೊಯ್ದಿದೆ.

‘ಆರ್ಬೈಡ್ಸ್‌ಪ್ಲಾಸ್’ನಲ್ಲಿ ಎಡವಿದಳು. ಕೆಲಸ, ಜಾಗ — ನಡುವಿನ ‘ಸ್’ ಹೊಲಿಗೆಯ ದಾರ. ಒಡೆಯುವಾಗ ಅದು ಎಡತುಂಡಿಗೇ ಸೇರಬೇಕು. ಅವಳು ಬಲಕ್ಕಿಟ್ಟಳು. ಸರಿಮಾಡಿದೆ. ಮಾತು ಕಲಿಸಲು ಬರುವ ಸಿನ್ನೊವೆ ನಕ್ಕಳು.

“ಇದು ನಿಮ್ಮ ಪೇಪರ್ ಆಫೀಸಲ್ಲ, ಹಾಲ್‌ವಾರ್ಡ್.”

ಮೂವತ್ತೊಂದು ವರ್ಷ ಪತ್ರಿಕೆಯ ಕರಡು ತಿದ್ದಿದವನು ನಾನು. ಸಾಲಿನ ಕೊನೆಯಲ್ಲಿ ಪದ ತಪ್ಪು ಕಡೆ ಮುರಿದರೆ ಈಗಲೂ ಕೈ ಕೆಂಪು ಪೆನ್ಸಿಲ್‌ಗೆ ಹೋಗುತ್ತದೆ.

ಜನವರಿ 12
ಪುರಸಭೆಯಿಂದ ಪತ್ರ. 24ಕ್ಕೆ ಪರೀಕ್ಷಿಸಲು ಒಬ್ಬಾಕೆ ಬರುತ್ತಾಳೆ. ಮನೆಯ ಸಾಮಾನಿನ ಹೆಸರು, ತನಗೇನಾಗುತ್ತಿದೆ ಎಂಬುದು — ಇಷ್ಟು ಗುನ್‌ವೋರ್ ಹೇಳಿದರೆ ಮನೆಯಲ್ಲೇ ಇರಬಹುದು. ಇಲ್ಲವಾದರೆ ಫ್ಯೋರ್ಡಿನ, ಆ ಕಡಲತೋಳಿನ, ಆಚೆಯ ವೃದ್ಧಾಶ್ರಮ. ಎರಡು ದೋಣಿ ಬದಲಿಸಬೇಕು.

ಓದಿ ಹೇಳಿದೆ. “ಅಲ್ಲಿ ಬೇಡ” ಎಂದಳು. ಒಂದೂ ತಪ್ಪಿಲ್ಲದೆ.

ಜನವರಿ 15
ತಾನೇ ಪದ ಕಟ್ಟುತ್ತಿದ್ದಾಳೆ. ಕೆಟಲ್ — ಹಬೆಬೆಕ್ಕು. ಕಿಟಕಿ — ಬೆಳಕುಬಾಗಿಲು. ನಾನು — ಕೆಂಪುಮುದುಕ! ಪೆನ್ಸಿಲ್‌ನ ಬಣ್ಣವಂತೆ. ನಗು ತಡೆಯಲಾಗಲಿಲ್ಲ. ಆದರೂ ಮೂರನ್ನೂ ತಪ್ಪಿನ ಪಟ್ಟಿಗೆ ಸೇರಿಸಿ ಕೆಂಪು ಗೆರೆ ಎಳೆದೆ.

ಸಿನ್ನೊವೆಗೆ ಸಿಟ್ಟು. “ತಿದ್ದಬೇಡಿ ಅಂತ ಎಷ್ಟು ಸಲ ಹೇಳ್ಲಿ? ನಮ್ಮ ಭಾಷೇಲಿ ಯಾರು ಬೇಕಾದ್ರೂ ಎರಡು ಪದ ಸೇರಿಸಿ ಒಂದು ಮಾಡ್ಬಹುದು. ಹಾಗಂದ್ರೇನು ಅಂತ ಅವರನ್ನೇ ಕೇಳಿ.”

“ಬರೋ ಹೆಂಗಸು ಹಬೆಬೆಕ್ಕು ಅಂದ್ರೆ ಏನಂತ ಬರ್ಕೋತಾಳೆ? ಬುದ್ಧಿ ಕೆಟ್ಟಿದೆ ಅಂತ!”

ಸಿನ್ನೊವೆ ಚೀಲ ಎತ್ತಿಕೊಂಡು ಹೊರಟಳು.

ಜನವರಿ 21
ಎರಡು ತಿಂಗಳ ಚಳಿಗಾಲದ ಕತ್ತಲೆಯ ನಂತರ ಸೂರ್ಯ. ಗುಡ್ಡದ ಮೇಲೆ ನಾಲ್ಕೇ ನಿಮಿಷ. ಪದ್ಧತಿಯಂತೆ ಬೇಕರಿಯಿಂದ ಸೂರ್ಯಬನ್ ತಂದೆ. ಅವಳ ತುಟಿಯ ತುಂಬ ಸಕ್ಕರೆ. ನಾನು ಕೇಳುವ ಮೊದಲೇ ಬನ್ನಿನ ಹೆಸರು ಹೇಳಿದಳು — “ಸೂಲ್-ಬೊಲ್-ಲೆ.” ಮೂರು ಪೆಟ್ಟು. ಇಬ್ಬರೂ ಅತ್ತೆವು. ಗೆಲ್ಲುತ್ತೇವೆ. ಖಂಡಿತ.

ಜನವರಿ 22, ಮಧ್ಯಾಹ್ನ 12.30
ಬೆಳಿಗ್ಗೆ ಹಠ. ಪಾಠದ ನಡುವೆ ಎಡಗೈಯಿಂದ ತಲೆ ಹಿಡಿದುಕೊಂಡು, “ತಲೆಗುಡುಗು.”

“ಅಂಥ ಪದ ಇಲ್ಲ ಮಾರಾಯ್ತಿ. ತಲೆನೋವು. ಹೂ-ದೆ-ಪೀ-ನೆ. ಬಡಿ.”

“ತಲೆಗುಡುಗು.”

“ನಾಡಿದ್ದು ಆಕೆ ಬರ್ತಾಳೆ. ಹಿಂಗಂದ್ರೆ ದೋಣಿ ಹತ್ತಿಸ್ತಾರೆ ನಿನ್ನ!”

ಐದು ಸಲ ಹೇಳಿಸಿದೆ. ಆರನೆಯದಕ್ಕೆ ಸರಿಯಾಗಿ ಬಂತು. ನಾಲ್ಕು ಪೆಟ್ಟು. ಮುಖ ಬೆಳ್ಳಗಾಗಿತ್ತು, ಆಯಾಸವಿರಬೇಕು. ಮಾತ್ರೆ ಕೊಟ್ಟು ಮಲಗಿಸಿದೆ. ಪಟ್ಟಿಯಲ್ಲಿ — ತಪ್ಪು 17, ತಲೆಗುಡುಗು, 11.20. ತಿದ್ದಿದೆ. ಸಮಾಧಾನ.

ಜನವರಿ 27
ಆಸ್ಪತ್ರೆಯಿಂದ ಬಂದೆ. ಅವಳು ಕಣ್ಣು ತೆರೆದಿಲ್ಲ. ಮಿದುಳಿನಲ್ಲಿ ರಕ್ತ.

ಮೊದಲ ದಿನವೇ ಡಾಕ್ಟರ್ ಕೇಳಿದ್ದರು, ಯಾವಾಗ ಶುರುವಾಯಿತು ಎಂದು. ಎರಡೂವರೆಗೆ, ಎಬ್ಬಿಸಲು ಹೋದಾಗ ಎಂದೆ.

“ಅದಕ್ಕೂ ಮುಂಚೆ ಏನಾದ್ರೂ ಹೇಳಿದ್ರಾ?”

“ತಲೆನೋವು ಅಂದಳು.”

“ಬರೀ ತಲೆನೋವಾ? ಇದ್ದಕ್ಕಿದ್ದ ಹಾಗೆ, ಗುಡುಗು ಬಡಿದ ಹಾಗೆ ಅಂತೇನಾದ್ರೂ? ಈ ರಕ್ತಸ್ರಾವದಲ್ಲಿ ಹಾಗೇ ಆಗುತ್ತೆ. ಆಗಲೇ ಕರ್ಕೊಂಡು ಬಂದಿದ್ರೆ...”

ಪಟ್ಟಿ ಕೋಟಿನ ಜೇಬಿನಲ್ಲೇ ಇತ್ತು. ಗಂಟೆ ನಿಮಿಷ ಸಮೇತ.

ಇಲ್ಲ ಎಂದೆ.

ಜನವರಿ 28
ಪುರಸಭೆಯಾಕೆ ಫೋನ್ ಮಾಡಿದ್ದಳು. 24ರಂದು ತಪ್ಪಿದ ಭೇಟಿ ಇನ್ನು ರದ್ದು, ಬೇಸರ ಮಾಡಿಕೊಳ್ಳಬೇಡಿ ಎಂದಳು.

ಹದಿನೇಳರ ಮೇಲಿನ ಕೆಂಪು ಗೆರೆಯನ್ನು ರಬ್ಬರಿನಿಂದ ಉಜ್ಜಿದೆ. ಹೋಗಲಿಲ್ಲ, ಕಾಗದವೇ ಹರಿಯಿತು. ಹೊಸ ರಟ್ಟಿನಲ್ಲಿ ಅವಳ ಪದ ಬರೆದೆ. ಕತ್ತರಿಸಲಿಲ್ಲ. ನಾಳೆ ಡಾಕ್ಟರ್ ಮುಂದೆ ಇಟ್ಟು ಹೇಳಬೇಕು — ಹೇಳಿದ್ದಳು, ಎರಡು ಸಲ ಹೇಳಿದ್ದಳು, ಸರಿಯಾಗಿಯೇ ಹೇಳಿದ್ದಳು, ನಾನೇ —