ಹತ್ತಿದಾರದ ಹೊಲಿಗೆ

ಮೇ 9, ಸಂಜೆ

ಅಂಗಡಿ ಮುಚ್ಚಿ ಕೂತೆ. ಬೆಳಿಗ್ಗೆಯಿಂದ ಎರಡು ಕುದುರೆ ಜೀನು ರಿಪೇರಿ, ಒಂದು ಲಗಾಮು. ಶಾಲೆಯ ಹೊಸ ಟೀಚರ್ ಮಿಸ್ ಪೆಟಿಗ್ರೂ ತನ್ನ ಗ್ರೇಹೌಂಡ್ ನಾಯಿ ಕರೆತಂದಿದ್ದಳು. ರೇಸಿನಿಂದ ನಿವೃತ್ತಿಯಾದ ಬಡಪಾಯಿ. ತಲೆಗಿಂತ ಕತ್ತು ದಪ್ಪ. ಮಾಮೂಲಿ ಕತ್ತಿನ ಬೆಲ್ಟ್ ಹಾಕಿದರೆ ಹಿಂದಕ್ಕೆ ಜಗ್ಗಿ ತಲೆ ನುಣುಚಿಸಿಕೊಂಡು ಪರಾರಿ.

"ಚೋಕ್ ಚೈನ್ ಕೊಟ್ಬಿಡಿ ಮರ್ಲ್. ಎಳೆದಷ್ಟೂ ಬಿಗಿಯುತ್ತಂತಲ್ಲ?"

"ಎಳೆದಷ್ಟೂ ಬಿಗಿಯೋದಕ್ಕೆ ನೇಣು ಅಂತಾರೆ, ಟೀಚರಮ್ಮ."

ಅಗಲ ಪಟ್ಟಿಗೆ ಸಣ್ಣ ಕುಣಿಕೆ ಇರುವುದನ್ನು ಕೊಟ್ಟೆ. ಎಳೆದರೆ ಕತ್ತಿನ ಅಳತೆಗೆ ಬಂದು ಅಲ್ಲಿಗೇ ನಿಲ್ಲುತ್ತದೆ. ಎರಡು ಬೆರಳು ಒಳಗೆ ಹೋಗಬೇಕು, ಮನೆಗೆ ಹೋದ ಮೇಲೆ ಬಿಚ್ಚಬೇಕು ಎಂದೆ. ತಲೆಯಾಡಿಸಿದಳು. ಓದಿದವರು ತಲೆಯಾಡಿಸಿದರೆ ಅರ್ಧ ಕೇಳಿಸಿಕೊಂಡಿದ್ದಾರೆ ಎಂದು ಲೆಕ್ಕ.

ನನ್ನ ನಾಯಿ ನೆಟ್ಟಿ ಇಲ್ಲದೆ ಬೆಂಚಿನ ಕೆಳಗೆ ಕಾಲು ತಣ್ಣಗೆ. ರಾಸ್ ಡೋಬೆಲ್ ಕುರಿ ಕೂಡಿಹಾಕಲು ಎರವಲು ಒಯ್ದಿದ್ದಾನೆ. ಈ ಊರಿನಲ್ಲಿ ನಾಯಿ ಎರವಲು ಕೇಳಿದರೆ ಇಲ್ಲ ಎನ್ನುವ ಹಾಗಿಲ್ಲ. ನಮ್ಮ ಕಡೆ ಮೇ ಎಂದರೆ ಚಳಿಗಾಲದ ಶುರು, ಒಯ್ದ ದಿನದಿಂದ ಜಿಟಿಜಿಟಿ ಮಳೆ. ಮೈಯೆಲ್ಲ ಕೆಸರು ಮಾಡಿಕೊಂಡು ಬಂದು ನನ್ನ ಹಾಸಿಗೆ ಹತ್ತುತ್ತಾಳೆ, ಗೊತ್ತು.

ಮೇ 11

ನೆಟ್ಟಿ ಇಲ್ಲ.

ಹಾವು ಕಚ್ಚಿತಂತೆ. ತೊರೆಯ ಪಕ್ಕ ಹೂತೆ ಎಂದ ಡೋಬೆಲ್. ಅವಳ ಬೆಲ್ಟ್ ಕೈಗಿಟ್ಟು ಟೋಪಿ ತೆಗೆದು ನಿಂತ. ಟೀ ಕೊಟ್ಟೆ ನಾನು. ಅವನಿಗೆ! ಸಕ್ಕರೆ ಎಷ್ಟು ಅಂತ ಬೇರೆ ಕೇಳಿದೆ.

ಮೇ 12, ಬೆಳಿಗ್ಗೆ

ಬೆಲ್ಟ್ ಬೆಂಚಿನ ಮೇಲಿದೆ. ನಾನೇ ಹೊಲಿದದ್ದು, ಹಸುವಿನ ತೊಗಲು. ನೆನೆದರೆ ಕಪ್ಪಾಗುತ್ತದೆ, ಒಣಗಿದರೆ ಸೆಟೆದುಕೊಳ್ಳುತ್ತದೆ, ಹೊಲಿಗೆಯ ಸಂದಿಯಲ್ಲಿ ಕೆಸರು ಕೂರುತ್ತದೆ.

ಇದು ನಾನು ಎಣ್ಣೆ ಸವರಿ ಕಳಿಸಿದ ಹಾಗೇ ಇದೆ. ಮೆತ್ತಗೆ. ಸಂದಿಯಲ್ಲಿ ಒಂದು ಚೂರು ಮಣ್ಣಿಲ್ಲ.

ಅಷ್ಟು ದಿನದ ಮಳೆಯಲ್ಲಿ ಈ ಬೆಲ್ಟ್ ಅವಳ ಕತ್ತಿನಲ್ಲಿ ಇರಲೇ ಇಲ್ಲ. ಅವನ ಗಾಡಿಯೊಳಗೆ ಬೆಚ್ಚಗೆ ಬಿದ್ದಿತ್ತು. ಹಾಗಾದರೆ ಅವಳ ಕತ್ತಿನಲ್ಲಿ ಇದ್ದದ್ದು ಏನು?

ಡೋಬೆಲ್ ತನ್ನ ನಾಯಿಗಳಿಗೆ ಹಾಕುವುದು ಒಂದೇ, ಚೋಕ್ ಚೈನ್. ಪಿಕಪ್ ಗಾಡಿಯ ತೆರೆದ ಹಿಂಭಾಗದಲ್ಲಿ ಉದ್ದ ಸರಪಳಿಗೆ ಬಿಗಿದು ನಿಲ್ಲಿಸುತ್ತಾನೆ. ಸಾವಿರ ಸಲ ಹೇಳಿದ್ದೇನೆ, ಸರಪಳಿ ಗಾಡಿಯ ಅಂಚು ದಾಟಬಾರದು, ನಾಯಿ ಹಾರಿದರೆ ನೇತಾಡುತ್ತದೆ ಅಂತ.

ಮತ್ತೆ ಇಂಥ ಚಳಿಮಳೆಯಲ್ಲಿ ಹಾವು ಬಿಲದಿಂದ ಮೂತಿ ಹೊರಗೆ ಹಾಕುತ್ತದೆಯೇ? ಹಾವಿಗಾದರೂ ಬುದ್ಧಿ ಇದೆ.

ಪಕ್ಕದ ಬೇಕರಿಯ ಬೆರಿಲ್‌ಗೆ ಹೇಳಿದೆ. "ಒಂದು ಒಣ ಬೆಲ್ಟ್ ಹಿಡ್ಕೊಂಡು ಅವನನ್ನ ಕೊಲೆಗಾರ ಅಂತೀಯೇನೇ? ಯಾರು ನಂಬ್ತಾರೆ ಮಾರಾಯ್ತಿ?" ಎಂದಳು.

ಯಾರೂ ನಂಬುವುದಿಲ್ಲ. ಅವನ ಬಾಯಿಂದಲೇ ಬರಬೇಕು. ಬರದಿದ್ದರೆ... ಬೇರೆ ದಾರಿ ನೋಡಬೇಕು. ನನಗೆ ಆತುರವಿಲ್ಲ. ತೊಗಲು ಹದ ಮಾಡಿ ಬದುಕಿದವಳು.

ಜೂನ್ 3

ಬಂದ. ತಾನಾಗಿ.

"ಇನ್ನೂ ಮುಖ ಊದಿಸ್ಕೊಂಡಿದ್ದೀಯಾ ಮರ್ಲ್? ನಾಯಿ ತಾನೆ."

"ಹೌದು ರಾಸ್. ನಾಯಿ ತಾನೆ."

ಹದಿನೈದಕ್ಕೆ ನಾಯಿಗಳ ಹರಾಜು. ಬಿಲ್ಲಿಯನ್ನು ಮಾರುತ್ತಾನಂತೆ. ಬಿಲ್ಲಿ ನೆಟ್ಟಿಯ ಮಗ. ಮರಿಯಿದ್ದಾಗ ನಾನೇ ಕೊಟ್ಟಿದ್ದೆ. ಬಲಗಿವಿ ಅರ್ಧಕ್ಕೆ ಮಡಚಿ ಬೀಳುತ್ತದೆ, ಅಮ್ಮನದೇ.

"ಅಂಗಳದಲ್ಲಿ ನಿಂತ್ರೆ ಎಲ್ಲರ ಕಣ್ಣೂ ಅವನ ಕತ್ತಿನ ಮೇಲೇ ಇರ್ಬೇಕು. ಕಾಂಗರೂ ತೊಗಲು, ಹೆಣಿಗೆ, ಹಿತ್ತಾಳೆ ಉಂಗುರ. ಈ ಜಿಲ್ಲೆನಲ್ಲಿ ನಿನ್ನಂಥ ಕೈ ಇಲ್ಲ ಕಣೇ."

ಹೊಗಳಿಕೆ. ಅಸಲು ಇಲ್ಲದ ಬಡ್ಡಿ.

"ಮಾಡ್ಕೊಡ್ತೀನಿ. ಎಲ್ಲರೂ ನೋಡೋ ಹಾಗೇ ಇರುತ್ತೆ" ಎಂದೆ.

ಜೂನ್ 8

ಎಷ್ಟು ಚೆಂದದ ಬೆಲ್ಟ್! ಇಷ್ಟು ಚೆಂದದ್ದು ಯಾರಿಗೂ ಮಾಡಿಲ್ಲ.

ಸರಪಳಿ ಸಿಕ್ಕಿಸುವ ಉಂಗುರವನ್ನು ಹಿಡಿದಿಡುವ ಮಡಿಕೆ ಇದೆಯಲ್ಲ, ಇಡೀ ಬೆಲ್ಟಿನ ಜೀವ ಅಲ್ಲಿ. ಮೇಣ ಹಚ್ಚಿದ ನಾರಿನ ದಾರದಲ್ಲಿ ಎರಡು ಸಾಲು ಹೊಲಿಯುತ್ತೇನೆ ಯಾವಾಗಲೂ. ಇದಕ್ಕೆ ಹತ್ತಿದಾರ. ಒಂದೇ ಸಾಲು. ಮೇಲೆ ತೆಳುವಾದ ತೊಗಲು ಅಂಟಿಸಿ ಮುಚ್ಚಿದೆ.

ಮಾದರಿಗೊಂದು ತುಂಡು ಮಾಡಿ ಮರಳಿನ ಬಕೆಟ್ ನೇತುಹಾಕಿ ನೋಡಿದೆ. ಅರ್ಧ ಬಕೆಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ. ಮುಕ್ಕಾಲಿಗೆ ಟಪ್! ಸರಪಳಿ ಒಂದು ಕಡೆ, ಬೆಲ್ಟ್ ಒಂದು ಕಡೆ.

ಡೋಬೆಲ್ ನಾಯಿಯನ್ನು ಮಾತಿನಲ್ಲಿ ನಿಲ್ಲಿಸಿದವನಲ್ಲ, ಜಗ್ಗಿಯೇ ನಿಲ್ಲಿಸುವುದು. ಹರಾಜಿನ ಅಂಗಳದಲ್ಲಿ ಒಂದು ಸಲ ಜಗ್ಗಿದರೆ ಸಾಕು. ಬಿಲ್ಲಿ ಬೇಲಿ ಹಾರಿ ಓಡುತ್ತಾನೆ. ಇವನು ಬರಿ ಸರಪಳಿ ಹಿಡಿದು ಜಿಲ್ಲೆಯ ಮುಂದೆ ನಿಂತಿರುತ್ತಾನೆ. ಒಡೆಯನನ್ನು ಕಂಡರೆ ಓಡುವ ನಾಯಿಯನ್ನು ಯಾರು ಕೊಳ್ಳುತ್ತಾರೆ? ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಹೊಸ ಕೋಟು ಹಾಕಿಕೊಳ್ಳುತ್ತೇನೆ.

ಜೂನ್ 13

ಒಯ್ದ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಶಿಳ್ಳೆ ಹಾಕಿದ.

"ಗಾಡಿನಲ್ಲಿ ಸರಪಳಿ ಗಿಡ್ಡ ಕಟ್ಟು ರಾಸ್."

"ಶುರು ಮಾಡ್ಕೊಂಡ್ಲು ಅಜ್ಜಿ! ಅದಕ್ಕೂ ಸ್ವಲ್ಪ ಓಡಾಡಕ್ಕೆ ಜಾಗ ಬೇಡ್ವಾ?"

ಹೇಳಿದೆ. ನನ್ನ ಕಡೆಯಿಂದ ಅಷ್ಟು ಚುಕ್ತಾ.

ಜೂನ್ 14

ಚುಕ್ತಾ ಆಗಿಲ್ಲ. ಬೆಳಿಗ್ಗೆಯಿಂದ ತಲೆ ಕೊರೆಯುತ್ತಿದೆ. ಅಂಗಳದಲ್ಲಿ ಕಿತ್ತುಬರುತ್ತದೆ ಎಂದು ನಾನು ಅಂದುಕೊಂಡದ್ದು. ಹೆದ್ದಾರಿಯಲ್ಲೇ ಕಿತ್ತರೆ? ಹಿಂದೆ ಕುರಿ ಲಾರಿ ಬರುತ್ತಿದ್ದರೆ? ಬಿಚ್ಚಿಕೊಳ್ಳುವ ಬೆಲ್ಟಿಗೆ ನಾಯಿ ಕಟ್ಟಬಾರದು. ಬಂದವರಿಗೆಲ್ಲ ಪಾಠ ಹೇಳುವವಳು ನಾನು.

ಫೋನ್ ಮಾಡಿದೆ. ಎತ್ತಿದ. ಹಿಂದೆ ಟಿವಿ, ಯಾರದೋ ನಗು. "ಏನೇ ಅಜ್ಜಿ, ಸರಪಳಿ ಅಳೆದು ಮಲಗ್ಬೇಕಾ?" ಎಂದ. ಮತ್ತೆ ನಗು.

ಇಟ್ಟುಬಿಟ್ಟೆ.

ಬೆಲ್ಟ್ ವಾಪಸ್ ಕೊಡು ಎನ್ನಲು ಎಷ್ಟು ಹೊತ್ತು ಬೇಕಿತ್ತು... ಎನ್ನಲಿಲ್ಲ. ಬರೆದಿಡುತ್ತಿದ್ದೇನೆ. ಬಿಲ್ಲಿಯ ಆ ಮಡಚಿದ ಕಿವಿ ಕಣ್ಣ ಮುಂದೆ ಬಂದರೂ ಎನ್ನಲಿಲ್ಲ.

ಜೂನ್ 15, ಹರಾಜಿನಿಂದ ಬಂದು

ಸಾವಕಾಶ ಬರೆಯುತ್ತೇನೆ.

ಮುಂದಿನ ಸಾಲು. ಹೊಸ ಕೋಟು. ಪಕ್ಕದಲ್ಲಿ ಬೆರಿಲ್, ಮಡಿಲಲ್ಲಿ ಮಟನ್ ಪೈ. ಬಿಲ್ಲಿಯ ಸರದಿ ಬಂದರೂ ಡೋಬೆಲ್ ಪತ್ತೆಯಿಲ್ಲ. ಬೆರಿಲ್ ಪೈ ಕೊಟ್ಟರೆ ಬೇಡ ಎಂದು ಗೇಟಿನ ಕಡೆಯೇ ನೋಡುತ್ತಿದ್ದೆ.

ಕೊನೆಗೆ ಬಂದ, ಬಿಲ್ಲಿಯನ್ನು ಎದೆಗೆ ಅವುಚಿಕೊಂಡು. ಮುಖದಲ್ಲಿ ರಕ್ತವಿಲ್ಲ. ನಾಯಿಯ ಕತ್ತಿನಲ್ಲಿ ನನ್ನ ಬೆಲ್ಟ್ ಇದೆ, ಉಂಗುರ ಇಲ್ಲ. ಮಡಿಕೆಯಿಂದ ಹತ್ತಿದಾರದ ತುದಿಗಳು ಇಣುಕುತ್ತಿವೆ. ಸೀದಾ ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡೆ. ತಬ್ಬಿಕೊಂಡ! ಎಲ್ಲರ ಮುಂದೆ.

ಹರಾಜು ಕೂಗುವ ಕಿಯೋ ಮೈಕ್ ಅವನ ಬಾಯಿಗೆ ಹಿಡಿದ. "ಏನಾಯ್ತೋ ಮಾರಾಯಾ? ಎಲ್ರಿಗೂ ಕೇಳೋ ಹಾಗೆ ಹೇಳು."

"ರೈಲ್ವೆ ಗೇಟ್ ಹಾಕಿತ್ತು. ನಿಂತಿದ್ದೆ. ಪಕ್ಕದಲ್ಲಿ ಕುರಿ ಲಾರಿ ಬಂತು, ಬಿಲ್ಲಿ ನೋಡಿದ, ಹಾರೇಬಿಟ್ಟ. ಸರಪಳಿ ಉದ್ದ ಇತ್ತು... ನೇತಾಡ್ತಿದ್ದ ಕಣ್ರಯ್ಯಾ, ಕಾಲು ನೆಲಕ್ಕೆ ಸಿಗ್ತಿಲ್ಲ. ಟಪ್ ಅಂತ ಉಂಗುರ ಕಿತ್ಕೊಂಡು ಬಂತು ನೋಡಿ! ಜೀವ ಉಳೀತು." ನನ್ನ ಕಡೆ ತಿರುಗಿದ. "ಬೇಕೂಂತ್ಲೇ ಹಾಗೆ ಹೊಲಿದಿದ್ದೆ, ಅಲ್ವಾ ಮರ್ಲ್? ನನ್ನ ಬುದ್ಧಿ ಗೊತ್ತಿದ್ದೇ ಹಾಗೆ ಮಾಡಿದೆ!"

"ಬೇಕೂಂತ್ಲೇ" ಎಂದೆ. ಜೀವಮಾನದಲ್ಲಿ ಇಷ್ಟು ನಿಜವಾದ ಮಾತು ಆಡಿಲ್ಲ.

ಚಪ್ಪಾಳೆ. ನನಗೆ! ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸೇಡು ತೀರಿಸಲು ಹೋದವಳಿಗೆ ಜಿಲ್ಲೆಯೆಲ್ಲ ಚಪ್ಪಾಳೆ.

ಡೋಬೆಲ್‌ಗೆ ಅಷ್ಟಕ್ಕೆ ನಿಲ್ಲಿಸುವ ಜಾಯಮಾನವೇ ಇಲ್ಲ. ಕಣ್ಣೊರೆಸಿಕೊಂಡು ಮೈಕಿನಲ್ಲೇ ಎಂದ: "ಇವತ್ತೂ ಆ ಚೋಕ್ ಚೈನ್ ಹಾಕಿದ್ದಿದ್ರೆ ಇವನೂ ಇವನಮ್ಮನ ಹಾಗೇ, ನಾನು ಹಿಂದೆ ತಿರುಗಿ ನೋಡೋಷ್ಟರಲ್ಲಿ..."

ನಿಲ್ಲಿಸಿದ. ಮೈಕ್ ನಿಲ್ಲಿಸಲಿಲ್ಲ. ಆ ಮಾತು ಅಂಗಳ ಸುತ್ತಿ, ತಗಡಿನ ಚಾವಣಿಗೆ ಬಡಿದು ವಾಪಸ್ ಬಂತು.

ಬೆರಿಲ್ ಪೈ ಕೆಳಗಿಟ್ಟಳು. "ಯಾರಮ್ಮ ರಾಸ್? ನೆಟ್ಟಿನಾ? ಹಾವು ಕಚ್ಚಿತ್ತು ಅಂದ್ಯಲ್ಲೋ?"

ಟೋಪಿ ತೆಗೆದ. ಮೇ ತಿಂಗಳಲ್ಲಿ ತೆಗೆದ ಹಾಗೆಯೇ. ಈ ಸಲ ಟೀ ಕೊಡುವವರು ಯಾರೂ ಇರಲಿಲ್ಲ.

ಎರವಲು ತಂದ ನಾಯಿಯನ್ನು ನೇಣಿಗೆ ಹಾಕಿ ತಪ್ಪನ್ನು ಹಾವಿನ ಮೇಲೆ ಹೊರಿಸಿದವನು. ನಮ್ಮಲ್ಲಿ ಇದಕ್ಕೆ ಪೊಲೀಸು ಬೇಕಿಲ್ಲ. ಕಿಯೋ ಬಿಲ್ಲಿಯ ಹರಾಜು ಕೂಗಿದ. ಇಡೀ ಅಂಗಳದಲ್ಲಿ ಒಂದು ಕೈ ಏಳಲಿಲ್ಲ. ಮತ್ತೆ ಕೂಗಿದ.

ನಾನು ಕೈ ಎತ್ತಿದೆ. "ಆ ಬೆಲ್ಟಿನ ದುಡ್ಡು ಅವನಿನ್ನೂ ಕೊಟ್ಟಿಲ್ಲ. ಆ ದುಡ್ಡಿನ ಬದಲು ನಾಯಿ ನನಗೆ."

ಕಿಯೋ ಡೋಬೆಲ್ ಕಡೆ ನೋಡಿದ. ಡೋಬೆಲ್ ನೆಲ ನೋಡುತ್ತಲೇ ತಲೆಯಾಡಿಸಿದ. ಸುತ್ತಿಗೆ ಬಿತ್ತು.

ಜೂನ್ 16

ಬಿಲ್ಲಿ ಬೆಂಚಿನ ಕೆಳಗೆ, ನನ್ನ ಪಾದದ ಮೇಲೆ ಗದ್ದ ಇಟ್ಟು. ಪಂಜ ತರಚಿದೆ, ಅಷ್ಟೇ. ನಾರಿನ ದಾರದಲ್ಲಿ ಎರಡು ಸಾಲು ಹಾಕಿ ಹೊಸ ಬೆಲ್ಟ್ ಹೊಲಿದೆ. ಎರಡು ಬೆರಳು ಸಲೀಸಾಗಿ ಹೋಗುತ್ತವೆ.

ಬೆಳಿಗ್ಗೆಯಿಂದ ಬಂದವರೆಲ್ಲ ಕೇಳುತ್ತಿದ್ದಾರೆ, "ಆ ತಾನಾಗಿ ಬಿಚ್ಚಿಕೊಳ್ಳೋ ಬೆಲ್ಟ್ ನಮಗೂ ಒಂದು." ಇಲ್ಲ ಎಂದೆ. ಅದು ಕಟ್ಟುವುದಕ್ಕಲ್ಲ, ನಿಮಗೆ ಬೇಕಾದದ್ದು ಗಟ್ಟಿ ಬೆಲ್ಟ್, ಗಿಡ್ಡ ಸರಪಳಿ ಎಂದೆ. ಹಾಗಾದರೆ ಡೋಬೆಲ್‌ಗೆ ಯಾಕೆ ಮಾಡಿಕೊಟ್ಟೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಬಿಲ್ಲಿ ಬದುಕಿದ್ದು ನನ್ನಿಂದಲ್ಲ. ಇದು ಈ ಪುಸ್ತಕಕ್ಕೆ ಮಾತ್ರ ಗೊತ್ತು.

ಜುಲೈ 22

ಡೋಬೆಲ್ ಬಂದ. ಬಾಗಿಲಲ್ಲೇ ನಿಂತ. ಉಣ್ಣೆ ಕತ್ತರಿಸುವವರು ಮುಂದಿನ ವಾರ ಬರುತ್ತಾರೆ. ಕುರಿ ಎಲ್ಲ ಗುಡ್ಡದ ಮೇಲಿವೆ. ಅವನ ಹತ್ತಿರ ಉಳಿದದ್ದು ಒಂದು ಮುದಿ ನಾಯಿ, ಅದಕ್ಕೆ ಕುರಿ ಯಾವುದು ಬಂಡೆ ಯಾವುದು ತಿಳಿಯುವುದಿಲ್ಲ. ಊರೆಲ್ಲ ಸುತ್ತಿದನಂತೆ. ಯಾರೂ ನಾಯಿ ಕೊಡಲಿಲ್ಲ. ಚರ್ಚಿನಲ್ಲಿ ಪಕ್ಕ ಕೂರುವವನೂ ಕೊಡಲಿಲ್ಲ.

"ಮರ್ಲ್... ಬಿಲ್ಲಿನ ಎರಡು ದಿನ..."

"ಎರವಲು ಕೊಡಲ್ಲ. ಬೇಕಾದ್ರೆ ನಾನೇ ಕರ್ಕೊಂಡು ಬರ್ತೀನಿ. ನಿನ್ನ ಗಾಡಿ, ನನ್ನ ಡ್ರೈವಿಂಗು. ಬಿಲ್ಲಿ ಮುಂದೆ ಕೂರ್ತಾನೆ, ಸೀಟಲ್ಲಿ."

"ನಾನು?"

"ಹಿಂದೆ. ಅಂಚು ಹಿಡ್ಕೊ. ಸ್ವಲ್ಪ ಓಡಾಡಕ್ಕೆ ಜಾಗ ಇರುತ್ತೆ."

ಆಯ್ತು ಎಂದ.

"ಇನ್ನೊಂದಿದೆ ರಾಸ್. ಉಣ್ಣೆ ಕೆಲಸ ಮುಗಿದ ಮೇಲೆ ಶನಿವಾರ ಶನಿವಾರ ಅಂಗಡಿಗೆ ಬಾ. ಬರೋವಾಗ ಆ ಚೈನ್ ತಗೊಂಡು ಬಾ."

"ಯಾವ ಚೈನ್?"

ನೆಟ್ಟಿಯ ಬೆಲ್ಟ್ ಎತ್ತಿ ಅವನ ಮುಂದಿಟ್ಟೆ. ಕಿವಿಯವರೆಗೆ ಕೆಂಪಾದ.

ಜುಲೈ 25

ಕುರಿ ಇಳಿಸಿದೆವು. ದಾರಿಯುದ್ದ ಡೋಬೆಲ್ ಹಿಂದೆ, ಗಾಳಿಗೆ ಟೋಪಿ ಒತ್ತಿ ಹಿಡಿದು. ಬಿಲ್ಲಿ ಕಿಟಕಿಯಿಂದ ತಲೆ ಹೊರಹಾಕಿ ಅವನನ್ನೇ ನೋಡುತ್ತಿದ್ದ. ಬೇಕರಿಯ ಮುಂದೆ ಗೇರ್ ಇಳಿಸಿ ನಿಧಾನಕ್ಕೆ ಹೋದೆ, ಬೆರಿಲ್ ಕಣ್ತುಂಬ ನೋಡಲಿ ಅಂತ.

ತೊರೆಯ ಪಕ್ಕ ಗಾಡಿ ನಿಲ್ಲಿಸು ಎಂದ. ನೆಟ್ಟಿಯನ್ನು ಹೂತ ಜಾಗದ ಮೇಲೆ ಕಲ್ಲುಗಳನ್ನು ಜೋಡಿಸಿಟ್ಟಿದ್ದ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಬಿಲ್ಲಿ ಮೂಸಿ ನೋಡಿ ಮಲಗಿಬಿಟ್ಟ. ವಾಪಸ್ ಬರುವಾಗಲೂ ಅವನನ್ನು ಹಿಂದೆಯೇ ಕೂರಿಸಿದೆ.

ಆಗಸ್ಟ್ 3, ಶನಿವಾರ

ಕೌಂಟರಿನ ಹಿಂದೆ ಕೂತೇ ಬರೆಯುತ್ತಿದ್ದೇನೆ.

ಬಂದಿದ್ದಾನೆ. ಕ್ಷೌರ ಮಾಡಿಕೊಂಡು, ಇಸ್ತ್ರಿ ಶರಟು. ಚೈನನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿಸಿದೆ, ಒಳಗೆ ಬಂದವರ ಕಣ್ಣಿಗೆ ಮೊದಲು ಅದೇ ಬೀಳಬೇಕು. ಅದರ ಕೆಳಗೇ ಅವನ ಸ್ಟೂಲು. ಬೆಲ್ಟಿಗೆ ಬಂದವರ ನಾಯಿಯ ಕತ್ತು ಅಳೆಯುವುದು ಅವನು, ಬೆರಳು ತೂರಿಸಿ ತೋರಿಸುವುದು ಅವನು. ಮೊಳೆಯ ಮೇಲಿರುವುದು ಏನು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದೂ ಅವನೇ, ಮೊದಲಿಂದ ಕೊನೆಯವರೆಗೆ.

"ಎಷ್ಟು ಶನಿವಾರ ಮರ್ಲ್?"

"ನೋಡೋಣ."

ಬಿಲ್ಲಿ ಎದ್ದು ಕೂತ. ಮಿಸ್ ಪೆಟಿಗ್ರೂ, ಗ್ರೇಹೌಂಡ್ ಜೊತೆ. ಅವಳ ಹಿಂದೆ ಇನ್ನೂ ನಾಲ್ಕು ಜನ. ಎದುರಿಗೇ ಮೊಳೆ ಕಂಡಿತು.

"ಅರೆ, ಚೋಕ್ ಚೈನ್ ಇದೆಯಲ್ಲ ನಿಮ್ಮಲ್ಲಿ! ಇದನ್ನ ಹಾಕಿದ್ರೆ ಏನಾಗುತ್ತೆ?"

ಡೋಬೆಲ್ ನನ್ನ ಮುಖ ನೋಡಿದ. ನಾನು ಹಾಳೆಯಿಂದ ಪೆನ್ನು ಎತ್ತದೆ ಬರೆಯುತ್ತಲೇ ಇದ್ದೆ. ಅವನು ಎದ್ದು ನಿಂತ. ಏನೋ ಗೊಣಗಿದ, ತುಟಿ ಮಾತ್ರ ಅಲ್ಲಾಡಿತು.

"ಜೋರಾಗಿ ರಾಸ್" ಎಂದೆ. "ಅವಳಿಗೊಂದು ಹೆಸರಿತ್ತು. ಅಲ್ಲಿಂದ ಶುರು ಮಾಡು."

ಗಂಟಲು ಸರಿಮಾಡಿಕೊಂಡು "ನೆಟ್ಟಿ" ಎಂದ, ಎಲ್ಲರಿಗೂ ಕೇಳುವ ಹಾಗೆ.