ಬಂಡೆಯ ತಲೆ ಕಡಿಯುವ ಮುನ್ನ

ಕಡಲದಂಡೆಯನ್ನು ಚೆಂದಗಾಣಿಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಸೂರ್ಯಾಸ್ತಕ್ಕೆ ಅಡ್ಡಬಂದ ಅಪರಾಧಕ್ಕಾಗಿ ದಾಬೋಲಿಮ್ ಕೆಳಗಿನ ದಂಡೆಯ ದೊಡ್ಡ ಕರಿಬಂಡೆಯ ತಲೆ ಕಡಿಯಲು ತಾವು ಆದೇಶ ಹೊರಡಿಸಿದ್ದೀರಿ. ಬಂಡೆಗೆ ನೋಟಿಸನ್ನೂ ಅಂಟಿಸಿದ್ದೀರಿ. ಏಳು ದಿನದೊಳಗೆ ಆಕ್ಷೇಪಣೆ ಸಲ್ಲಿಸಬೇಕಂತೆ. ಬಂಡೆಗೆ ಓದು ಬರಹ ಬಾರದ ಕಾರಣ ಅದರ ಪರವಾಗಿ ನಾನೇ ಬರೆಯುತ್ತಿದ್ದೇನೆ. ಕನ್ನಡದಲ್ಲೇಕೆ ಎಂದು ಸಿಟ್ಟಾಗಬೇಡಿ. ತಾವು ಬಂಡೆಗೆ ಇಂಗ್ಲಿಷಿನಲ್ಲಿ ಬರೆದಿರಿ, ಅದೇನಾದರೂ ತಕರಾರು ಮಾಡಿತೇ?

ನಾನು ಯಾರೆಂದರೆ, ಪ್ರವಾಸಿಗರು ನಿಂತು ಫೋಟೋ ತೆಗೆಯಲೆಂದು ಆ ಬಂಡೆಯ ಎದುರು ತಾವು ಕಟ್ಟಿಸಿದ ಕಲ್ಲಿನ ಚೌಕಟ್ಟನ್ನು ಕಟ್ಟಿದ ಗೌಂಡಿ. ಹುಟ್ಟೂರು ಇಂಡಿ ಕಡೆಯದು, ಗೋವಾದಲ್ಲಿ ಗೋಡೆ ಕಟ್ಟುತ್ತ ಹತ್ತೊಂಬತ್ತು ವರ್ಷವಾಯಿತು. ಮೇ ತಿಂಗಳ ಒಂದು ಸಂಜೆ ತಮ್ಮ ಇಂಜಿನಿಯರ್ ಸಾಹೇಬರು ಬಂದು, ಆ ದೊಡ್ಡ ಬಂಡೆಗೂ ಅದರ ಬಲಕ್ಕಿರುವ ಸಣ್ಣ ಬಂಡೆಗೂ ನಡುವೆ ಸೂರ್ಯ ಇಳಿಯುವುದನ್ನು ಮೊಬೈಲಿನಲ್ಲಿ ಹಿಡಿದು, ಅದೇ ನೇರಕ್ಕೆ ಸುಣ್ಣದ ಗೆರೆ ಎಳೆಸಿದರು. ಚಳಿಗಾಲದಲ್ಲಿ ಸೂರ್ಯ ಎಡಕ್ಕೆ ಸರಿದು ದೊಡ್ಡ ಬಂಡೆಯ ಹಿಂದೆ ಮುಳುಗುತ್ತಾನೆ ಎಂದು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ನೀನು ಸಿಮೆಂಟ್ ನೋಡಿಕೋ ಎಂದರು. ನೋಡಿಕೊಂಡೆ.

ಡಿಸೆಂಬರಿನಲ್ಲಿ ಪ್ರವಾಸಿಗರು ಬಂದರು, ಚೌಕಟ್ಟಿನೊಳಗೆ ಸೂರ್ಯ ಬರಲಿಲ್ಲ. ಇಪ್ಪತ್ತು ಹೆಜ್ಜೆ ಬಲಕ್ಕೆ ಸರಿದು ನಿಂತರೆ ಕಾಣುತ್ತಾನೆ. ಆದರೆ ಸರಕಾರಿ ಚೌಕಟ್ಟು ಬಿಟ್ಟು ಸರಿದವರಿಗೆ ತಮ್ಮ ಕಾವಲುಗಾರ ಸೀಟಿ ಊದುತ್ತಾನೆ. ಹುಟ್ಟಿದಂದಿನಿಂದ ದಾರಿ ತಪ್ಪದ ಸೂರ್ಯನದೇ ತಪ್ಪು, ಕೂತಲ್ಲೇ ಕೂತ ಬಂಡೆಯದೇ ತಪ್ಪು, ಏಳು ತಿಂಗಳ ಚೌಕಟ್ಟೊಂದೇ ಸರಿಯೇ?

ನಿನ್ನೆ ನಮ್ಮ ಮೇಸ್ತ್ರಿ ದಸ್ತಗೀರ ತಲೆ ತಗ್ಗಿಸಿಕೊಂಡು ಮನೆಗೆ ಬಂದ. "ಅಣ್ಣಾ, ಸೋಮವಾರ ಬಂಡಿ ಒಡಿಯೂದೈತಿ. ನಿನ್ನ ಕರಕೊಂಡ ಬಾ ಅಂದಾರ."

"ಆ ಬಂಡಿ ನನಗೇನು ಅಂತ ನಿನಗ ಗೊತ್ತಿಲ್ಲೇನು?" ಅಂದೆ.

"ಗೊತ್ತೈತಿ. ಅದಕ್ಕ ಚಾ ಸೈತ ಬ್ಯಾಡ ಅನ್ನಾಕತ್ತೇನಿ."

ತಮಗೆ ಗೊತ್ತಿಲ್ಲ, ಹೇಳುತ್ತೇನೆ. ನನ್ನ ಹೆಂಡತಿ ಜಯಶ್ರೀ ಆ ಬಂಡೆಗೆ ಒರಗಿ ಕೂತ ಫೋಟೋ ನನ್ನ ಹತ್ತಿರ ಇದೆ. ಅವಳ ಹಿಂದೆ ಸೂರ್ಯ ಮುಳುಗುವಾಗ ತೆಗೆದೆ, ದಡ್ಡ ನಾನು, ಮುಖ ಪೂರ್ತಿ ಕಪ್ಪು ಬಂತು. ಅವಳು ಬಿದ್ದು ಬಿದ್ದು ನಕ್ಕಳು. "ಮಾರಿ ಕಾಣದಿದ್ರ ಏನಾತ್ರಿ? ಬಂಡಿ ನೋಡಿದ್ರ ನಾನ ಅಂತ ಗೊತ್ತಾಗತೈತಿ." ಹೋದ ವರ್ಷ ಕಾಮಾಲೆಯಲ್ಲಿ ತೀರಿಕೊಂಡಳು. ಇನ್ನೊಂದು ಫೋಟೋ ಆಧಾರ್ ಕಾರ್ಡಿನದು, ಅದರಲ್ಲಿ ಅವಳು ಅವಳ ಹಾಗೇ ಇಲ್ಲ. ಪ್ರತಿ ಭಾನುವಾರ ಸಂಜೆ ಹೋಗಿ ಆ ಬಂಡೆಗೆ ಒರಗಿ ಕೂರುತ್ತೇನೆ. ನನಗೆ ಅವಳಿಲ್ಲದೆ ಬಹಳ ಕಷ್ಟವಾಗುತ್ತಿದೆ, ಸಾಹೇಬರೇ.

ಆದ್ದರಿಂದ ಸೋಮವಾರ ನಾನು ಬರುತ್ತೇನೆ, ಸುತ್ತಿಗೆಯನ್ನೂ ತರುತ್ತೇನೆ. ಏನಾದರೂ ಒಡೆಯಲೇಬೇಕೆಂದಿದ್ದರೆ ಚೌಕಟ್ಟು ಒಡೆಯಲು ಅಪ್ಪಣೆ ಕೊಡಿ. ಇಪ್ಪತ್ತು ಹೆಜ್ಜೆ ಆಚೆ ಹೊಸದನ್ನು ಕಟ್ಟಿಕೊಡುತ್ತೇನೆ. ನಾನು ಕಟ್ಟಿದ್ದನ್ನು ಮತ್ತೆ ಕಟ್ಟಬಲ್ಲೆ. ಬಂಡೆಯನ್ನು ಕಟ್ಟಲು ನನಗೆ ಬರುವುದಿಲ್ಲ.

ಇಂತಿ,
ತಪ್ಪು ದಿಕ್ಕಿಗೆ ಬಲು ನೆಟ್ಟಗೆ ಕಟ್ಟಿದ
ಗೌಂಡಿ ಶಂಕರಲಿಂಗ